ಕಣ್ಣು ಮಿಟುಕಿಸದೆ ನಲವತ್ತು ಸೆಕೆಂಡು

ಕಳೆದ ವಾರ ನಮ್ಮ ಚಿಕ್ಕಮ್ಮ ಫ್ಯಾಮಿಲಿ ಗ್ರೂಪಿಗೆ ಒಂದು ವಿಡಿಯೊ ಹಾಕಿದರು. ‘ಯಾರೋ ಕಾಲೇಜು ಹುಡುಗೀರು ಮಾಡಿದ್ದು, ನಕ್ಕು ನಕ್ಕು ಸಾಕಾಯ್ತು’ ಎಂಬ ಒಕ್ಕಣೆ ಬೇರೆ. ಮೇಲೆ ಹಲವು ಬಾರಿ ಫಾರ್ವರ್ಡ್ ಆಗಿದೆ ಎಂಬ ಗುರುತು.

ತೆರೆದು ನೋಡಿದರೆ, ರೇಷ್ಮೆ ಸೀರೆ ಉಟ್ಟು, ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ‘ಹುಡುಗಿಗೆ ಹಾಡು ಬರ್ತತೇನ್ರೀ?’ ಎಂದು ಕೇಳುತ್ತಿರುವ ಗಂಡಿನ ತಾಯಿ ನಾನೇ!

(ನನ್ನನ್ನು ಎತ್ತಿ ಆಡಿಸಿದ ಚಿಕ್ಕಮ್ಮನಿಗೆ ನನ್ನ ಗುರುತು ಸಿಕ್ಕಿಲ್ಲ. ನನ್ನ ನಟನೆ ಅಷ್ಟು ಚೆನ್ನಾಗಿತ್ತೋ, ಅವರ ಕಣ್ಣು ಅಷ್ಟು ಮಂದವಾಗಿದೆಯೋ? ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ.)

ಲಾಕ್‌ಡೌನ್ ಕಾಲದ ಕಾಲೇಜು ನಿಮಗೆ ನೆನಪಿರಬೇಕು. ನಾನಾಗ ಶಿಕಾರಿಪುರದಲ್ಲಿ ಬಿ.ಕಾಂ. ಓದುತ್ತಿದ್ದೆ. ಎರಡು ವರ್ಷ ಮುಗಿದಿತ್ತು, ಒಂದು ಬಾಕಿ. ಪಾಠವೆಲ್ಲ ಫೋನಿನಲ್ಲಿ. ಮೇಷ್ಟ್ರು ‘ಕೇಳಿಸ್ತಾ ಇದೆಯಾ?’ ಎನ್ನುವುದರಲ್ಲಿ ಅರ್ಧ ಗಂಟೆ, ನಾವು ‘ಇಲ್ಲ ಸರ್’ ಎನ್ನುವುದರಲ್ಲಿ ಇನ್ನರ್ಧ ಗಂಟೆ. (ಕೇಳಿಸದವರು ಉತ್ತರ ಕೊಟ್ಟಿದ್ದು ಹೇಗೆ ಎಂದು ಅವರೂ ಯೋಚಿಸಲಿಲ್ಲ.) ಹೀಗಿರುವಾಗ ಒಂದು ದಿನ ಗ್ರೂಪಿನಲ್ಲಿ ಪ್ರಕಟಣೆ ಬಂತು. ಆನ್‌ಲೈನ್ ಹಾಸ್ಯ ಸ್ಪರ್ಧೆ. ಐದು ನಿಮಿಷದ ವಿಡಿಯೊ. ಮನೆಯಿಂದ ಹೊರಗೆ ಕಾಲಿಡುವಂತಿಲ್ಲ.

ನಾವು ಮೂವರು ಗೆಳತಿಯರು. ನಾನು ಶಿಕಾರಿಪುರದ ಪೇಟೆಯವಳು. ಚೈತ್ರಾ ಉಡುತಡಿಯವಳು. ರೂಪಾ ಸೊರಬ ತಾಲ್ಲೂಕಿನ ಜಡೆ ಎಂಬ ಊರಿನವಳು, ಹಾಸ್ಟೆಲಿನಲ್ಲಿದ್ದು ಓದುತ್ತಿದ್ದವಳು, ಲಾಕ್‌ಡೌನ್ ಆದಮೇಲೆ ಊರು ಸೇರಿದ್ದಳು. ಮೂವರಲ್ಲಿ ನಿಜವಾಗಿ ನಗಿಸುವವಳು ಅವಳೇ. ನಿಜವಾಗಿ ಓದುವವಳೂ ಅವಳೇ. ಎಂ.ಕಾಂ. ಮಾಡಿ ಇದೇ ಕಾಲೇಜಿಗೆ ಲೆಕ್ಚರರ್ ಆಗಿ ಬರುತ್ತೇನೆ, ನಿಮ್ಮ ಮಕ್ಕಳನ್ನು ಫೇಲ್ ಮಾಡುತ್ತೇನೆ ಎಂದು ನಮ್ಮನ್ನು ಹೆದರಿಸುತ್ತಿದ್ದಳು.

ಸ್ಕ್ರಿಪ್ಟ್ ನನ್ನದು. ವಿಡಿಯೊ ಕಾಲ್‌ನಲ್ಲಿ ಹೆಣ್ಣು ನೋಡುವ ಶಾಸ್ತ್ರ. ಗಂಡಿನ ತಾಯಿ ನಾನು. ಗಂಡು ಚೈತ್ರಾ. ಅಪ್ಪನ ಬಿಳಿ ಅಂಗಿ, ಕಾಡಿಗೆಯ ಮೀಸೆ, ಹಿಂದೆ ಮೆಕ್ಕೆಜೋಳದ ಚೀಲಗಳು. ಹೆಣ್ಣು ರೂಪಾ. ತಾಯಿ ಪ್ರಶ್ನೆ ಕೇಳಿದ ಹೊತ್ತಿಗೆ ಸರಿಯಾಗಿ ನೆಟ್‌ವರ್ಕ್ ಹೋಗಿ ಹುಡುಗಿ ಸ್ಕ್ರೀನಿನ ಮೇಲೆ ಹಾಗೇ ನಿಂತುಬಿಡುತ್ತಾಳೆ. ಬಾಯಿ ಅರ್ಧ ತೆರೆದಿದೆ, ಕಣ್ಣು ಅಲ್ಲಾಡುವುದಿಲ್ಲ. ತಾಯಿಗೆ ಇದು ತಿಳಿಯದು. ‘ಎಷ್ಟು ನಾಚಿಕೆ ನೋಡೋ, ಕಣ್ಣೂ ಮಿಟುಕಿಸವಲ್ಲಳು, ಇಂಥ ಹುಡುಗಿ ಈ ಕಾಲದಾಗ ಎಲ್ಲಿ ಸಿಗಬೇಕು’ ಎಂದು ಹೊಗಳಿಕೆ ಶುರು. ಇದೇ ಜೋಕು.

ಮಾಡಿದ್ದು ಹೇಗೆ? ಒಬ್ಬೊಬ್ಬರೇ ಅವರವರ ಮನೆಯಲ್ಲಿ ಗೋಡೆ ನೋಡಿಕೊಂಡು ಮಾತಾಡುವುದು. ನಮ್ಮ ಮಾತು ಆದಮೇಲೆ ಎದುರಿನವರ ಮಾತಿಗೆ ಜಾಗ ಬಿಡಬೇಕು. ‘ಇಲ್ಲಿ ಆರು ಎಣಿಸಿ’, ‘ಇಲ್ಲಿ ಹತ್ತು ಎಣಿಸಿ ನಗು’ ಎಂದು ನಾನು ವಾಯ್ಸ್ ನೋಟ್ ಕಳಿಸುತ್ತಿದ್ದೆ. ರೂಪಾಳಿಗೆ ಎಲ್ಲರಿಗಿಂತ ಕಷ್ಟದ ಕೆಲಸ. ನಲವತ್ತು ಸೆಕೆಂಡು ಕಲ್ಲಿನ ಹಾಗೆ ಕೂರಬೇಕು, ಕಣ್ಣು ಮಿಟುಕಿಸಬಾರದು. ನೀವೊಮ್ಮೆ ಪ್ರಯತ್ನಿಸಿ ನೋಡಿ. ಹದಿನೈದಕ್ಕೇ ನೀರು ಬರುತ್ತದೆ.

ಅವಳ ವಿಡಿಯೊ ಬಂದಿದ್ದು ಎರಡು ದಿನ ತಡವಾಗಿ. ಊರ ಕೆರೆ ಏರಿಯ ಮೇಲೆ ನಿಂತರೆ ಮಾತ್ರ ವಿಡಿಯೊ ಹೋಗುವಷ್ಟು ನೆಟ್‌ವರ್ಕು, ಅದೂ ಎರಡೇ ಕಡ್ಡಿ. ನೋಡಿ ನಾನು ಕುಣಿದಾಡಿದೆ. ಹುಡುಗಿ ಕಲ್ಲೆಂದರೆ ಕಲ್ಲು. ಅದಕ್ಕಿಂತ ಖುಷಿ ಕೊಟ್ಟಿದ್ದು ಹಿಂದಿನಿಂದ ಬಂದ ಒಂದು ಗಂಡಸಿನ ಧ್ವನಿ. ಸ್ಕ್ರಿಪ್ಟಿನಲ್ಲಿ ಇಲ್ಲದ್ದು.

“ಹುಡುಗಿ ಮನೇಲೇ ಐತೆ. ಕಾಲೇಜು ಎಂತೂ ಇಲ್ಲ ಈಗ, ಶುರುವಾದ್ರೂ ಇನ್ ಕಳ್ಸದೆಂತಕೆ? ಭಾನುವಾರ ಬರ್ಲಿ ಅವ್ರು. ಐವತ್ ಜನ್ರಲ್ಲೇ ಮುಗ್ಸಿಬಿಡಣ.”

ರೂಪಾ ಅವರಪ್ಪನನ್ನೂ ನಟನೆಗೆ ಇಳಿಸಿದ್ದಾಳೆ ಎಂದುಕೊಂಡೆ! ಹೆಣ್ಣಿನ ಅಪ್ಪ ಮ್ಯೂಟ್ ಮಾಡುವುದನ್ನು ಮರೆತು ಒಳಗಿನ ಮಾತನ್ನೆಲ್ಲ ಬೀಗರಿಗೆ ಕೇಳಿಸುವುದು. ಎಂಥ ಐಡಿಯಾ! ನಾನೂ ಚೈತ್ರಾಳೂ ಗ್ರೂಪಿನಲ್ಲಿ ನಗುವ ಮುಖಗಳನ್ನು ಸಾಲಾಗಿ ಸುರಿದೆವು. ಆ ಧ್ವನಿ ಸ್ವಲ್ಪ ಸಣ್ಣದಾಗಿತ್ತು ನೋಡಿ, ಎಡಿಟ್ ಮಾಡುವಾಗ ವಾಲ್ಯೂಮ್ ಜಾಸ್ತಿ ಮಾಡಿದೆ.

ಮೊದಲ ಬಹುಮಾನ ನಮಗೇ ಬಂತು. ಮೇಷ್ಟ್ರು ನನಗೆ ಫೋನ್ ಮಾಡಿ, ಆ ಅಪ್ಪನ ಸಂಭಾಷಣೆ ಬಹಳ ಸಹಜವಾಗಿದೆ, ಹೇಗೆ ಹೊಳೆಯಿತು ಎಂದು ಕೇಳಿದರು. ‘ಹಂಗೇ ಬಂತು ಸರ್’ ಎಂದೆ. (ಹೌದು, ನಾಚಿಕೆಯಿಲ್ಲದೆ ಹಾಗೇ ಹೇಳಿದೆ.)

ಮುಂದಿನ ತಿಂಗಳು ರೂಪಾಳ ಮದುವೆ ಆಯಿತು. ಗೊತ್ತಾಗಿದ್ದು ಅವಳ ತಂಗಿಯ ಸ್ಟೇಟಸ್‌ನಿಂದ. ಸರ್ಕಾರದ ಲೆಕ್ಕದ ಐವತ್ತು ಜನರಲ್ಲಿ ನಾವಿಬ್ಬರೂ ಇರಲಿಲ್ಲ. ನಮಗೆ ಉರಿದುಹೋಯಿತು. ಒಂದು ಮಾತು ಹೇಳಬಾರದಿತ್ತೇ? ಕಾಲೇಜು ತೆರೆದಾಗ ಅವಳು ಬರಲಿಲ್ಲ. ಶ್ರೀಮತಿಯಾದ ಮೇಲೆ ನಾವು ಯಾಕೆ ಬೇಕು ಬಿಡು ಎಂದು ಚೈತ್ರಾ ಅಂದಳು, ನಾನು ಹೂಂಗುಟ್ಟಿದೆ. ಅಷ್ಟೇ. ಇಷ್ಟು ವರ್ಷ ನಾನೂ ಮುನಿಸಿಕೊಂಡೇ ಇದ್ದೆ.

ಈಗ ವಿಡಿಯೊ ಊರೆಲ್ಲ ಓಡಾಡುತ್ತಿದೆಯಲ್ಲ, ನಮ್ಮ ಹೆಸರು ಹಾಕಿ ಒಮ್ಮೆ ಪೋಸ್ಟ್ ಮಾಡೋಣ ಎನಿಸಿತು. ಚೈತ್ರಾಳನ್ನು ಕೇಳಿದೆ, ಮೀಸೆ ನಂದು ಅಂತ ದೊಡ್ಡದಾಗಿ ಹಾಕು ಎಂದಳು. ರೂಪಾಳನ್ನೂ ಕೇಳಬೇಕಲ್ಲ? ಅವಳ ಗಂಡನದು ಸೊರಬದಲ್ಲಿ ಬೇಕರಿ ಎಂದು ಗೊತ್ತಾಯಿತು. ಮೊನ್ನೆ ಬಸ್ ಹತ್ತಿ, ಶಿರಾಳಕೊಪ್ಪದಲ್ಲಿ ಇಳಿದು ಬದಲಿಸಿ, ಹೋಗಿಯೇಬಿಟ್ಟೆ.

ಬೇಕರಿಯ ಗಲ್ಲೆಯ ಹಿಂದೆ ರೂಪಾ ಕೂತಿದ್ದಳು. ಸ್ವಲ್ಪ ದಪ್ಪಗಾಗಿದ್ದಾಳೆ. ನನ್ನನ್ನು ಕಂಡವಳೇ ಕೈ ಹಿಡಿದು ಒಳಗೆ ಕರೆದಳು. ಅದೇ ನಗು. ಖಾರದ ಬನ್ ಕೊಟ್ಟಳು, ಟೀ ತರಿಸಿದಳು. ನನ್ನ ಮುನಿಸಿಗೆ ಜಾಗವೇ ಸಿಗಲಿಲ್ಲ. ಗಂಡ ಬಂದು ಮಾತಾಡಿಸಿ ಹೋದರು. ಒಳ್ಳೆಯ ಮನುಷ್ಯನ ಹಾಗೇ ಕಂಡರು.

ನಾನು ಫೋನಿನಲ್ಲಿ ವಿಡಿಯೊ ಹಾಕಿ ತೋರಿಸಿದೆ. ನನ್ನ ಸೀರೆ ನೋಡಿ ನಕ್ಕಳು. ಚೈತ್ರಾಳ ಮೀಸೆ ನೋಡಿ ಇನ್ನೂ ನಕ್ಕಳು. ತಾನು ಕಲ್ಲಾಗುವ ಜಾಗ ಬಂದಾಗ ಸುಮ್ಮನಾದಳು. ನಾನು ಸುಮ್ಮನಿರಬೇಕಲ್ಲ? ನಿಮ್ಮಪ್ಪ ಎಷ್ಟು ಚೆನ್ನಾಗಿ ಆಕ್ಟ್ ಮಾಡಿದ್ದಾರೆ ಎಂದೆ.

“ಅದು ಆಕ್ಟಿಂಗ್ ಅಲ್ಲ ಮಾರಾಯ್ತಿ,” ಎಂದಳು. “ಅಪ್ಪ, ಅಮ್ಮನ ಸಣ್ಣ ಫೋನಲ್ಲಿ ನಿಜವಾಗ್ಲೂ ಮಾತಾಡ್ತಿದ್ರು. ನಂಗೂ ಆಗಲೇ ಗೊತ್ತಾಗಿದ್ದು.”

ನನ್ನ ಬಾಯಲ್ಲಿ ಬನ್ ಇತ್ತು. ನುಂಗುವುದೋ ಬಿಡುವುದೋ ತಿಳಿಯಲಿಲ್ಲ.

ತನ್ನ ಮದುವೆ ಮಾತು, ತನ್ನ ಓದು ನಿಲ್ಲುವ ಮಾತು ಬೆನ್ನ ಹಿಂದೆ ನಡೆಯುತ್ತಿದೆ. ಆ ಹುಡುಗಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸದೆ ಕೂತಿದ್ದಾಳೆ. ಯಾಕೆಂದರೆ ನಾನು ನಲವತ್ತು ಎಣಿಸು ಎಂದಿದ್ದೆ!

ಮತ್ತೆ ಅದನ್ನೇ ಯಾಕೆ ಕಳಿಸಿದೆ, ಇನ್ನೊಂದು ಸಲ ತೆಗೆಯಬಹುದಿತ್ತಲ್ಲ ಎಂದು ಕೇಳಿದೆ. ಮಧ್ಯೆ ಒಬ್ಬರು ಬಂದು ಕಾಲು ಕೆ.ಜಿ. ಮಿಕ್ಸ್ಚರ್ ಕೇಳಿದರು. ತೂಗಿ ಕೊಟ್ಟು ಬಂದಳು. ಆಮೇಲೆ ಇನ್ನೂ ಮೂರು ಸಲ ತೆಗೆದಿದ್ದಳಂತೆ. ಮೂರೂ ಚೆನ್ನಾಗಿಯೇ ಬಂದಿದ್ದವಂತೆ, ಯಾರ ಧ್ವನಿಯೂ ಇಲ್ಲದೆ. ಅವನ್ನು ಬಿಟ್ಟು ಇದನ್ನೇ ಕಳಿಸಿದ್ದಳು. ಶೂಟ್ ಮಾಡಿದ ಫೋನು ಅಪ್ಪನದು. ಊಟವಾದ ಮೇಲೆ ಅವರು ಬಂದ ಮೆಸೇಜು, ಹೋದ ಮೆಸೇಜು ಎಲ್ಲ ಓದುತ್ತಿದ್ದರು, ತಂಗಿಯ ಕ್ಲಾಸಿನ ಹೋಂವರ್ಕ್ ಸಹಿತ. ವಿಡಿಯೊ ಮಾತ್ರ ಕಾಲೇಜಿನದು ಎಂದು ತೆರೆಯುತ್ತಿರಲಿಲ್ಲ.

ಕೆರೆ ಏರಿಯಿಂದ ಒಂದು ಫೋನ್ ಮಾಡಬಹುದಿತ್ತಲ್ಲ ಎಂದೆ. (ನೋಡಿ, ತಪ್ಪನ್ನು ಇನ್ನೂ ಅವಳ ತಲೆಗೇ ಕಟ್ಟಲು ನೋಡುತ್ತಿದ್ದೇನೆ.)

“ಮಾಡಿ ಎಂತ ಹೇಳದು? ಬಂದು ಬಿಡಿಸ್ರೀ ಅಂತನಾ? ನಂಗೇ ಆಗ ಬೇಕೋ ಬೇಡ್ವೋ ಸರಿಯಾಗಿ ಗೊತ್ತಿರ್ಲಿಲ್ಲ ಕಣೆ. ಓದಬೇಕು ಅಂತ ಒಂದು ಗೊತ್ತಿತ್ತು. ನೀವು ಕೇಳಿದ್ರೆ ಹೇಳ್ತಿದ್ದೆ.”

ಸಿಟ್ಟಿನಿಂದ ಹೇಳಲಿಲ್ಲ. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಈಗ ಓದಬಹುದಲ್ಲ, ಹೊರಗಿನಿಂದ ಪರೀಕ್ಷೆ ಕಟ್ಟಬಹುದಲ್ಲ ಎಂದೆ. ಗಂಡನೂ ಹಾಗೇ ಹೇಳುತ್ತಾರೆ, ಆದರೆ ಈಗ ಪುಸ್ತಕ ಹಿಡಿದರೆ ನಿದ್ದೆ ಬರುತ್ತದೆ ಎಂದು ನಕ್ಕಳು. ಅಪ್ಪನಿಗೆ ಈ ವಿಡಿಯೊ ಆಮೇಲೆ ಯಾರೋ ತೋರಿಸಿದರಂತೆ. ಅವರು ಬೇಜಾರು ಮಾಡಿಕೊಳ್ಳಲಿಲ್ಲ. ತಮ್ಮ ಧ್ವನಿ ಚೆನ್ನಾಗಿ ಬಂದಿದೆ ಎಂದು ಮನೆಗೆ ಬಂದವರಿಗೆಲ್ಲ ತೋರಿಸುತ್ತಾರಂತೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳಲು ಹೊರಟ ನನಗೆ ಅಲ್ಲೂ ದಾರಿ ಸಿಗಲಿಲ್ಲ.

ಪೋಸ್ಟ್ ಮಾಡಲೋ ಬೇಡವೋ ಎಂದು ಕೊನೆಗೆ ಕೇಳಿದೆ. ಹಾಕು, ಜನ ನಗುತ್ತಾರಲ್ಲ ಎಂದಳು. ಒಂದು ಪೊಟ್ಟಣ ರಸ್ಕ್ ಕಟ್ಟಿ ಕೈಗಿಟ್ಟಳು.

ಈಗ ಹೇಳಿ, ನಾನು ಏನು ಮಾಡಬೇಕು? ಅವಳು ಸುಖವಾಗಿದ್ದಾಳೆ ಎಂದು ಸಮಾಧಾನ ಪಡಲೇ? ಕ್ಲಾಸಿಗೇ ಮೊದಲು ಬರುತ್ತಿದ್ದ ಹುಡುಗಿ ಮಿಕ್ಸ್ಚರ್ ತೂಗುತ್ತಿದ್ದಾಳೆ ಎಂದು ಅಳಲೇ? ಬೇಕರಿ ನಡೆಸುವುದೇನು ಸಣ್ಣ ಕೆಲಸವೇ? ಅಳಲು ನಾನು ಯಾರು? ಈ ಅಂಕಣದಲ್ಲಿ ವಾರವಾರ ನಿಮಗೆಲ್ಲ ಬುದ್ಧಿ ಹೇಳುವ ನನಗೆ ಈ ವಾರ ಒಂದೂ ಬಗೆಹರಿಯುತ್ತಿಲ್ಲ. ವಿಡಿಯೊ ಇನ್ನೂ ಪೋಸ್ಟ್ ಮಾಡಿಲ್ಲ. ಡಿಲೀಟ್ ಕೂಡ ಮಾಡಿಲ್ಲ.

ವಾಪಸ್ ಬರುವಾಗ ಬಸ್ಸಿನಲ್ಲಿ ಲೆಕ್ಕ ಹಾಕುತ್ತಾ ಬಂದೆ. ಅಂದು ತಿಳಿದಿದ್ದರೂ ನಾನೇನು ಮಾಡುತ್ತಿದ್ದೆ? ಮೇಷ್ಟ್ರಿಗೆ ಹೇಳಿದ್ದರೆ ಒಳ್ಳೆಯದಾಯಿತಲ್ಲ ಎನ್ನುತ್ತಿದ್ದರು. ನಮ್ಮಮ್ಮನಿಗೆ ಹೇಳಿದ್ದರೆ ಗಂಡಿನ ಕಡೆಯವರು ಯಾರು, ಏನು ಎಂದು ವಿಚಾರಿಸಿ, ನನಗೂ ಅಂಥದ್ದೇ ಒಂದು ಹುಡುಕುತ್ತಿದ್ದರು. ಜಡೆಗೆ ಹೋಗೋಣವೆಂದರೆ ಬಸ್ಸೇ ಇರಲಿಲ್ಲ. ಹೀಗೆ ಒಂದೊಂದೇ ನೆಪ ಜೋಡಿಸಿಕೊಂಡು ಶಿಕಾರಿಪುರ ಮುಟ್ಟುವ ಹೊತ್ತಿಗೆ ನಾನು ನಿರಪರಾಧಿ ಎಂಬ ತೀರ್ಪು ಹತ್ತಿರ ಬಂದಿತ್ತು.

ಎಲ್ಲ ಸರಿ. ಆದರೆ ಅಷ್ಟೊಂದು ನಗುವ ಮುಖಗಳ ಜೊತೆ ‘ಯಾರೇ ಅದು ಹಿಂದೆ ಮಾತಾಡ್ತಿರೋದು?’ ಎಂದು ಒಂದೇ ಒಂದು ಸಾಲು ಕೇಳುವುದಕ್ಕೆ ನನಗೆ ಯಾವ ಬಸ್ಸು ಬೇಕಿತ್ತು?