ಪುಡಿಯಲ್ಲಿ ಜೀವ ಇತ್ತಂತೆ

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮರೆವಿನ ಕಾಯಿಲೆಯ ವೃದ್ಧರನ್ನು ನೋಡಿಕೊಳ್ಳುವ ಮನೆಯ ಉದ್ದನೆಯ ಕೋಣೆಯಲ್ಲಿ ಡಬ್ಬಿ ಅಕ್ಕ ಟೈಲರ್ ಮಾಸ್ಟರನ್ನು ಮಗ್ಗುಲಿಗೆ ಹೊರಳಿಸಿ, ಒರೆಸಿ, ಒಣಬಟ್ಟೆ ಉಡಿಸುತ್ತಿದ್ದಾರೆ. ಮುಚ್ಚಳದಲ್ಲೇ ಚಮಚವಿರುವ ಪುಟ್ಟ ಡಬ್ಬಿಗೆ ಪರೀಕ್ಷೆಗೆಂದು ಅವರ ಮಲದ ಚೂರೊಂದನ್ನು ತುಂಬಿ ಐಸ್ ಪೆಟ್ಟಿಗೆಯೊಳಗೆ ಇಡುತ್ತಾರೆ. ಜೊತೆಯ ಆಯಾಗಳು ಇಟ್ಟ ಅಡ್ಡಹೆಸರು ಬಂದದ್ದು ಈ ಡಬ್ಬಿಗಳಿಂದಲೇ.

ಮಾಸ್ಟರ್ ಕಣ್ಣು ಬಿಟ್ಟವರೇ ಅಕ್ಕನ ರವಿಕೆಯ ತೋಳು ಹಿಡಿದೆಳೆಯುತ್ತಾರೆ. "ಹೊಲಿಗೆ ಬಿಟ್ಟಿದೆ. ಯಾವ ಕತ್ತೆ ಹೊಲಿದದ್ದು?"

"ನೀವೇ ಮಾಸ್ಟ್ರೇ."

"ಹಾಗಾದ್ರೆ ಬಟ್ಟೆನೇ ಸರಿಯಿಲ್ಲ ಬಿಡು."

ಹೆತ್ತ ಮಗಳನ್ನೇ ಮರೆತಿರುವ ಮಾಸ್ಟರ್ ಬಾಯಿ ತೆರೆಯುವುದು ಈ ಅಕ್ಕನ ಕೈಗೆ ಮಾತ್ರ. ಅಕ್ಕ ನಗುತ್ತಾರೆ, ಆದರೆ ಆ ನಗು ಹೆಚ್ಚು ಹೊತ್ತು ಉಳಿಯುವುದಿಲ್ಲ. ಸೋಮವಾರದಿಂದ ಅವರು ಈ ಕೋಣೆಗೆ ಕಾಲಿಡುವಂತಿಲ್ಲ. ಪಾತ್ರೆ ತೊಳೆಯುವಲ್ಲಿಗೆ ಹಾಕಿದ್ದಾರೆ. ವರದಿಯಲ್ಲಿ ಬರೆದ ಕಾರಣ: ಸಿಬ್ಬಂದಿಯ ನಿರ್ಲಕ್ಷ್ಯ.

ಕರುಳಿನ ಬ್ಯಾಕ್ಟೀರಿಯಾಗಳಿಗೂ ಮಿದುಳಿಗೂ ನಂಟಿದೆ, ಒಳ್ಳೆಯವನ್ನು ಹೊಟ್ಟೆಗೆ ಕಳಿಸಿದರೆ ಮರೆವು ಹೆಚ್ಚುವ ವೇಗ ತಗ್ಗೀತೇನೋ ಎಂಬ ಆಸೆ ವೈದ್ಯರದು. ತಗ್ಗೇ ತಗ್ಗುತ್ತದೆ ಎಂದು ಇನ್ನೂ ಯಾರೂ ಎದೆ ತಟ್ಟಿ ಹೇಳಲಾರರು. ಅದನ್ನು ಪರೀಕ್ಷಿಸಲೆಂದೇ ಇಲ್ಲಿನ ವೃದ್ಧರಿಗೆ ದಿನಕ್ಕೊಂದು ಪೊಟ್ಟಣ ಪುಡಿ ಬರತೊಡಗಿತು. ಅದರಲ್ಲಿದ್ದದ್ದು ಜೀವಂತ ಬ್ಯಾಕ್ಟೀರಿಯಾ. ಬಿಸಿ ತಾಗಿದರೆ ಸಾಯುತ್ತವೆ. ಅಕ್ಕ ಅದನ್ನು ತಿಂಗಳುಗಟ್ಟಲೆ ಹಬೆಯಾಡುವ ಹಾಲಿಗೆ ಕಲಕಿ ಎಲ್ಲರಿಗೂ ಕುಡಿಸಿದರು. ಒಂದು ಬೆಳಿಗ್ಗೆ ಡಬ್ಬಿ ಒಯ್ಯಲು ಬಂದ ಕಿರಿಯ ವೈದ್ಯೆ ಅದನ್ನು ಕಂಡು ಹೌಹಾರಿದರು. ಇಡೀ ಪರೀಕ್ಷೆ ನೀರುಪಾಲು.

"ಪುಡಿ ಕೊಡಿ ಅಂದ್ರು, ಕೊಟ್ಟೆ," ಅಕ್ಕ ಜೊತೆಯ ಆಯಾ ಎದುರು ದನಿ ಏರಿಸುತ್ತಾರೆ. "ಅದರಲ್ಲಿ ಜೀವ ಇದೆ ಅಂತ ಒಬ್ರಾದ್ರೂ ಅಂದ್ರಾ? ಜೀವ ಇರೋದನ್ನ ಸುಡೋ ಹಾಲಿಗೆ ಹಾಕೋಳಾ ನಾನು? ಏನಂದ್ಕೊಂಡಿದಾರೆ ನನ್ನ?"

ಹೇಳಿದ್ದರು. ಮಹಡಿಯ ಸಭಾಂಗಣದಲ್ಲಿ, ಪರದೆಯ ಮೇಲೆ, ದಪ್ಪಕ್ಷರದಲ್ಲಿ: ಉಗುರುಬೆಚ್ಚಗಿನ ಹಾಲಿನಲ್ಲಿ ಮಾತ್ರ. ಮ್ಯಾನೇಜರ್ ತಲೆಯಾಡಿಸಿದರು, ಮೇಲ್ವಿಚಾರಕಿ ತಲೆಯಾಡಿಸಿದರು. ಪುಡಿ ಕಲಕಬೇಕಾದ ಕೈ ಅದೇ ಸಭೆಯಲ್ಲಿ ಚಹಾ ಹಂಚುತ್ತಿತ್ತು. "ಕಪ್ಪು ಇಟ್ಟು ಹೋಗಮ್ಮಾ, ಬಾಗಿಲು ಹಾಕ್ಕೋ ಅಂದ್ರು. ಹಾಕ್ಕೊಂಡು ಬಂದೆ." ಕೆಳಗಿಳಿದು ಬಂದು ಅಕ್ಕನಿಗೆ ಹೇಳುವ ವ್ಯವಧಾನ ಯಾರಿಗೂ ಇರಲಿಲ್ಲ. ಪೊಟ್ಟಣದ ಮೇಲಿನ ಸೂಚನೆಯೋ, ಅಕ್ಕನಿಗೆ ಓದಲು ಬಾರದ ಭಾಷೆಯಲ್ಲಿದೆ. ವರದಿಯಲ್ಲಿ ನಿರ್ಲಕ್ಷ್ಯ ಎಂಬ ಪದವಿದೆ, ಚಹಾ ಎಂಬ ಪದವಿಲ್ಲ.

ಅಕ್ಕನ ಅತ್ತೆಗೂ ಇದೇ ಕಾಯಿಲೆ ಇತ್ತು. "ಕೊನೆಕೊನೆಗೆ ನನ್ನನ್ನೇ ಕಳ್ಳಿ ಅನ್ನೋರು. ನನ್ನ ಕೈಲೇ ಉಂಡು, ಊಟ ಹಾಕ್ಲಿಲ್ಲ ಅಂತ ಬೀದಿಗೆಲ್ಲ ಸಾರೋರು. ಈ ಪುಡಿಯಿಂದ ಏನಾದ್ರೂ ಆದೀತು ಅಂತ ಎಷ್ಟು ಆಸೆ ಇಟ್ಕೊಂಡಿದ್ದೆ ಗೊತ್ತಾ? ಕೊನೇ ತೊಟ್ಟೂ ಬಿಡದಂಗೆ ಕುಡಿಸ್ತಿದ್ದೆ."

ಸೋಮವಾರ ಪರೀಕ್ಷೆಯ ಎರಡನೇ ಸುತ್ತು ಆರಂಭ, ಅದಕ್ಕೂ ಮೊದಲು ಮತ್ತೊಂದು ಸಭೆ. ನಿನ್ನೆ ಕಿರಿಯ ವೈದ್ಯೆ ತಾವೇ ಉಗುರುಬೆಚ್ಚಗಿನ ಹಾಲು ಹಿಡಿದು ಮಾಸ್ಟರ್ ಬಳಿ ಕೂತಿದ್ದರು. ಮಾಸ್ಟರ್ ಅದನ್ನು ಅವರ ಬಿಳಿ ಕೋಟಿಗೇ ಉಗಿದು, "ಬಿಚ್ಚು, ಒಗೆಯಕ್ಕೆ ಹಾಕು" ಎಂದಿದ್ದರು. ಇವತ್ತು ವೈದ್ಯೆ ಅಕ್ಕನನ್ನು ಹುಡುಕಿಕೊಂಡು ಬಂದಿದ್ದಾರೆ.

"ಅಕ್ಕಾ, ನೀವು ಇದೇ ಕೋಣೇಲಿ ಇರಿ. ಮ್ಯಾನೇಜರ್ ಹತ್ರ ನಾನು ಮಾತಾಡ್ತೀನಿ."

"ನಿರ್ಲಕ್ಷ್ಯ ಅಂತ ಬರೆದಿದೀರಲ್ಲ, ಅದನ್ನ ಹೊಡೆದು ಹಾಕ್ತೀರಾ?"

ವೈದ್ಯೆ ನೆಲ ನೋಡುತ್ತಾರೆ. "ಬರೆದಿದ್ದು ನಾನೇ. ಹೊಡೆದು ಹಾಕ್ತೀನಿ."

ಅಕ್ಕ ಐಸ್ ಪೆಟ್ಟಿಗೆಯ ಮುಚ್ಚಳ ಒತ್ತಿ ಹಾಕುತ್ತಾರೆ. "ಸರಿ ಡಾಕ್ಟ್ರಮ್ಮಾ. ಸೋಮವಾರ ಮೀಟಿಂಗಲ್ಲಿ ನನಗೂ ಒಂದು ಕುರ್ಚಿ ಹಾಕ್ಸಿ. ಚಹಾ ಬೇರೆ ಯಾರಾದ್ರೂ ತರ್ಲಿ. ನನಗೂ ಒಂದು ಕಪ್ಪು, ಬಿಸಿಯಾಗಿ."