ಮಾರ್ಚಿಗೆಂದು ತೆಗೆದಿಟ್ಟ ಹಳೆ ಜೋಳ

"ಇವತ್ತ ಎಷ್ಟ ಮಂದಿ ಅದೀರಪಾ?"

ಕತ್ತಲಲ್ಲಿ ಫಕೀರವ್ವ ಕೇಳುತ್ತಾಳೆ. ಧಾರವಾಡದ ಮಾಳಮಡ್ಡಿಯ ಈ ಹಂಚಿನ ಚಾಳು ಇನ್ನೂ ನಿದ್ದೆಯಲ್ಲಿದೆ. ಸ್ಟೇಷನ್ನಿನ ಕಡೆಯಿಂದ ಮೂರರ ಗೂಡ್ಸ್ ಗಾಡಿ ಸಿಳ್ಳು ಹಾಕಿ ಈಗಷ್ಟೇ ಸುಮ್ಮನಾಗಿದೆ. ಬಾಗಿಲ ಪಕ್ಕದ ಕಟ್ಟೆಯ ಮೇಲೆ ಮೂರು ತೆಂಗಿನ ಪರಟೆಗಳಿವೆ. ಅವುಗಳೊಳಗೆ ಆಕೆ ಬೆರಳಾಡಿಸುತ್ತಾಳೆ. ಒಂದು ಹುಣಸೆಬೀಜ, ಒಂದು ಅಂಗಿಯ ಗುಂಡಿ, ಎರಡು ಮುರಿದ ಬಳಪ, ಒಂದು ಬಳೆಚೂರು. "ಐದು," ಎಂದು ತನಗೆ ತಾನೇ ಹೇಳಿಕೊಂಡು ಒಳಗೆ ಹೋಗಿ, ಬಲಗಡೆಯ ಗೋಡೆಗೆ ಸೇರಿನ ಪಾತ್ರೆಯಿಂದ ಒಮ್ಮೆ ಬಡಿಯುತ್ತಾಳೆ. ಗೋಡೆಯಾಚೆ ದೀಪದ ಗಾಜು ಕಿಣಿಕಿಣಿ ಎನ್ನುತ್ತದೆ. ಬಳೆಚೂರಿನ ಹುಡುಗಿ ಎದ್ದಿದ್ದಾಳೆ. ಫಕೀರವ್ವ ಸೆರಗು ಬಿಗಿದು, ಬೀಸುಕಲ್ಲಿನ ಮುಂದೆ ಕಾಲು ಚಾಚಿ ಕೂರುತ್ತಾಳೆ.

ಪರಟೆಯಲ್ಲಿರುವುದು ಈ ಚಾಳಿನಲ್ಲೂ ಹಿಂದಿನ ಓಣಿಯಲ್ಲೂ ಇದ್ದು ಓದುವ ಮ್ಯಾಟ್ರಿಕ್ ವಿದ್ಯಾರ್ಥಿಗಳ ಗುರುತು. ರಾತ್ರಿ ಮಲಗುವ ಮುನ್ನ ಬಂದು ಹಾಕಿ ಹೋಗುತ್ತಾರೆ. ಮೊದಲ ಪರಟೆಯವರನ್ನು ಕಲ್ಲು ತಿರುಗುವ ಮೊದಲೇ ಎಬ್ಬಿಸಬೇಕು, ಎರಡನೆಯ ಪರಟೆಯವರನ್ನು ಒಂದು ಸೇರು ಜೋಳ ಬೀಸಿದ ಮೇಲೆ, ಮೂರನೆಯವರನ್ನು ಎರಡು ಸೇರಿನ ಮೇಲೆ. ಪಕ್ಕದ ಮನೆಗಾದರೆ ಗೋಡೆಗೆ ಪೆಟ್ಟು, ಉಳಿದವರಿಗೆ ಹೋಗಿ ಬಾಗಿಲು ತಟ್ಟುತ್ತಾಳೆ. ಒಂದು ಸೇರಿಗೆ ಅರ್ಧ ತಾಸು. ಬೆಳಕು ಹರಿಯುವ ಹೊತ್ತಿಗೆ ಆರು ಸೇರು ಮುಗಿದಿರುತ್ತದೆ. ಫಕೀರವ್ವನಿಗೆ ಗಡಿಯಾರ ನೋಡಲು ಬರುವುದಿಲ್ಲ, ಅಕ್ಷರವೂ ಬರುವುದಿಲ್ಲ. ಆದರೆ ಜೂನ್ ತಿಂಗಳಲ್ಲಿ ಹಳ್ಳಿಯಿಂದ ಬರುವ ಹುಡುಗರು ಕೋಣೆ ಹುಡುಕುವಾಗ ನೀರು ಹತ್ತಿರ ಇದೆಯೇ ಎಂದು ಕೇಳುವ ಮೊದಲು, ಫಕೀರವ್ವನ ಕಲ್ಲು ಕೇಳಿಸುತ್ತದೆಯೇ ಎಂದು ಕೇಳುತ್ತಾರೆ.

ಹುಣಸೆಬೀಜ ನವಲಗುಂದದ ಕಡೆಯ ಲಕ್ಕಪ್ಪನದು. ಅವನ ತಂದೆ ಹುಬ್ಬಳ್ಳಿಯಿಂದ ಅಲಾರಾಮಿನ ಗಡಿಯಾರ ತಂದುಕೊಟ್ಟಿದ್ದರಂತೆ. ನಿದ್ದೆಗಣ್ಣಿನಲ್ಲಿ ಹೊಡೆಸಿಕೊಂಡು ಹೊಡೆಸಿಕೊಂಡು ಅದು ದೀಪಾವಳಿಗೇ ನಿಂತುಹೋಯಿತು.

"ಗಡಿಯಾರದ ತಲಿ ಮ್ಯಾಲೆ ಒಂದ ಕೊಟ್ರ ಸುಮ್ಮನಾಗತಿತ್ರಿ. ಫಕೀರವ್ವಗ ಕೊಡಾಕ ಬರೂದಿಲ್ಲಲ್ಲ!" ಎನ್ನುತ್ತಾನೆ ಲಕ್ಕಪ್ಪ, ಮುಖ ತೊಳೆಯುತ್ತ.

"ಕೊಟ್ಟ ನೋಡಲೇ, ಗೂಟ ನನ್ನ ಕೈಯಾಗ ಐತಿ," ಎಂದು ಒಳಗಿನಿಂದ ಉತ್ತರ ಬರುತ್ತದೆ. ಕಲ್ಲು ಮಾತ್ರ ನಿಲ್ಲುವುದಿಲ್ಲ.

ಫಕೀರವ್ವ ಅಮರಗೋಳದವಳು. ಇಪ್ಪತ್ತು ವರ್ಷದ ಹಿಂದೆ, ಹತ್ತೊಂಬತ್ತುನೂರ ಹದಿನೆಂಟರಲ್ಲಿ ಊರೂರಿಗೆ ಹಬ್ಬಿದ ದೊಡ್ಡ ಜ್ವರದಲ್ಲಿ ಗಂಡನನ್ನೂ ಎರಡು ವರ್ಷದ ಮಗನನ್ನೂ ಒಂದೇ ವಾರದಲ್ಲಿ ಮಣ್ಣು ಮಾಡಿ, ಬೀಸುಕಲ್ಲನ್ನು ಚಕ್ಕಡಿಯಲ್ಲಿ ಹೇರಿಕೊಂಡು ಧಾರವಾಡಕ್ಕೆ ಬಂದಳು. "ಮನ್ಯಾಗಿನ ಬಾಕಿ ಸಾಮಾನು ಯಾರಿಗ್ಯಾರಿಗೋ ಕೊಟ್ಟೆ. ಕಲ್ಲ ಕೊಟ್ಟರ ಕೈ ಏನ ಮಾಡಬೇಕ್ರಿ?" ಎನ್ನುತ್ತಾಳೆ. ಅಂದಿನಿಂದ ಖಾನಾವಳಿಗೂ ನಾಲ್ಕಾರು ಮನೆಗಳಿಗೂ ದಿನಕ್ಕೆ ಎಂಟು ಸೇರು ಬೀಸುತ್ತಿದ್ದಾಳೆ. ಸ್ಟೇಷನ್ ರಸ್ತೆಗೆ ಹಿಟ್ಟಿನ ಗಿರಣಿ ಬಂದು ಎರಡು ವರ್ಷವಾಯಿತು. ಗೋದಿ ಅಲ್ಲಿಗೆ ಹೋಯಿತು. ಜೋಳ ಇನ್ನೂ ಈಕೆಯ ಬಳಿ ಉಳಿದಿದೆ. ಬಲ ಅಂಗೈಯಲ್ಲಿ ಗೂಟದ ಅಚ್ಚು ಬಿದ್ದಿದೆ. ಭುಜದ ನೋವಿಗೆ ಸಂಜೆ ಬಿಸಿ ಇಟ್ಟಿಗೆಯ ಕಾವು ಕೊಟ್ಟುಕೊಳ್ಳುತ್ತಾಳೆ.

ಬಳೆಚೂರಿನ ಹುಡುಗಿ ಸಿತಾರಾ. ತಂದೆ ಲಾಲಸಾಬ ಪಾತ್ರೆಗಳಿಗೆ ಕಲಾಯಿ ಹಾಕುವವರು. ತಾಯಿ ಇಲ್ಲ. ಬೆಳಕಾದರೆ ಅಡಿಗೆ, ನೀರು, ಇಬ್ಬರು ತಂಗಿಯರ ತಲೆ ಬಾಚುವುದು, ಆಮೇಲೆ ಶಾಲೆ. ಸಂಜೆ ಮತ್ತೆ ಒಲೆ. ದಿನದ ಇಪ್ಪತ್ತನಾಲ್ಕು ತಾಸಿನಲ್ಲಿ ಅವಳದೆನ್ನುವುದು ಆ ಆರು ಸೇರಿನ ಹೊತ್ತು ಮಾತ್ರ.

ಅವಳ ಕೋಣೆಯ ಗೋಡೆಯ ಮೇಲೆ ಇದ್ದಲಿಯಿಂದ ಬರೆದ ವೇಳಾಪಟ್ಟಿ ಇದೆ. ಜೂನ್‌ನಲ್ಲಿ ಶಾಲೆ ತೆರೆದ ವಾರವೇ ಬರೆದದ್ದು. ಅದರಲ್ಲಿ ತಾಸು, ನಿಮಿಷಗಳಿಲ್ಲ. 'ಮೊದಲೆರಡು ಸೇರು ಬೀಜಗಣಿತ. ಮುಂದಿನೆರಡು ಇಂಗ್ಲಿಷ್. ಐದನೆಯ ಸೇರು ಇತಿಹಾಸ. ಆರನೆಯ ಸೇರು ನಿನ್ನೆಯದು.' ಜನವರಿಯಿಂದ ಪಟ್ಟಿ ಬದಲಾಗಿದೆ. ಈಗ ದಿನಕ್ಕೊಂದು ಹಳೆಯ ಪ್ರಶ್ನೆಪತ್ರಿಕೆಯನ್ನು ಎದುರಿಗಿಟ್ಟುಕೊಂಡು ಆರು ಸೇರಿನೊಳಗೆ, ಅಂದರೆ ಪರೀಕ್ಷೆಯ ಮೂರು ತಾಸಿನೊಳಗೆ, ಉತ್ತರ ಬರೆದು ಮುಗಿಸಬೇಕು. ಪ್ರತಿ ಸೇರು ಮುಗಿದಾಗ ಗೋಡೆಗೆ ಒಂದು ಪೆಟ್ಟು ಬೀಳುತ್ತದೆ.

"ಒಂದ ಸಲಾ ಅಂತ ಮಾತಾಗೇತ್ರಿ," ಎನ್ನುತ್ತಾರೆ ಲಾಲಸಾಬರು. ಮಾತಿನಲ್ಲಿ ಗಡಸಿಲ್ಲ, ದಣಿವಿದೆ. "ಪಾಸಾದ್ಲು, ಕಾಲೇಜಿಗೆ ಹೆಸರ ಹಚ್ಚತೇನಿ. ಮಂದಿ ಏನರ ಅನ್ಲಿ. ನಪಾಸಾದ್ಲು, ಗದಗಿನವರು ಕೇಳಾಕತ್ತಾರ, ನಿಕಾ ಮಾಡಿಬಿಡತೇನಿ. ಎರಡನೇ ವರ್ಷ ಕೂಡಸಾಕ ನನಗ ಆಗೂದಿಲ್ಲ. ಸಣ್ಣವು ಎರಡ ಅದಾವು."

ಸಿತಾರಾ ಕಾಲೇಜಿನ ಮೊದಲ ವರ್ಷದ ಒಂದು ಹಳೆಯ ಪುಸ್ತಕವನ್ನು ಆಗಲೇ ತರಿಸಿಟ್ಟುಕೊಂಡಿದ್ದಾಳೆ. ಆದರೆ ಅದು ಅವಳ ಕೈಯಲ್ಲಿಲ್ಲ. ಫಕೀರವ್ವ ಅದನ್ನು ಕೆಂಪು ಚೌಕದ ಬಟ್ಟೆಯಲ್ಲಿ ಕಟ್ಟಿ ತನ್ನ ಮನೆಯ ಮೂಲೆಯ ಜೋಳದ ಚೀಲದ ಮೇಲೆ ಇಟ್ಟಿದ್ದಾಳೆ. "ಈಗ ತೆರದ್ರ ದೃಷ್ಟಿ ಆಗತೈತಿ. ಪಾಸಾದ ದಿನಾ ಬಿಚ್ಚೂಣು."

ಆ ಚೀಲದ ಕಥೆಯನ್ನು ಇಲ್ಲಿ ಹೇಳಲೇಬೇಕು.

ಮೂರು ವರ್ಷದ ಹಿಂದೆ ಇದೇ ಚಾಳಿನಲ್ಲಿ ಶಿದ್ದಪ್ಪ ಎಂಬ ಹುಡುಗನಿದ್ದ. ಜಾಣ. ಅವನೂ ಫೆಬ್ರವರಿಯಲ್ಲಿ ಹೀಗೆಯೇ ಕಲ್ಲಿನ ಲೆಕ್ಕಕ್ಕೆ ಪ್ರಶ್ನೆಪತ್ರಿಕೆ ಬಿಡಿಸುತ್ತಿದ್ದ. ದಿನವೂ ಆರು ಸೇರಿನೊಳಗೆ ಸರಿಯಾಗಿ ಮುಗಿಯುತ್ತಿತ್ತು. ಮಾರ್ಚಿನಲ್ಲಿ ಪರೀಕ್ಷೆಗೆ ಕುಳಿತಾಗ, ಗಣಿತದ ಎರಡು ಲೆಕ್ಕ ಉಳಿದಿರುವಂತೆಯೇ ಕಡೆಯ ಗಂಟೆ ಹೊಡೆಯಿತು. ಆರು ಅಂಕದಿಂದ ನಪಾಸಾದ. ಎಲ್ಲಿ ತಪ್ಪಿತೆಂದು ಅವನಿಗೂ ತಿಳಿಯಲಿಲ್ಲ, ಮೇಷ್ಟರಿಗೂ ತಿಳಿಯಲಿಲ್ಲ. ಮರುವರ್ಷ ಯಾರದೋ ಕಿಸೆಗಡಿಯಾರ ಕೇಳಿ ತಂದು ಕಲ್ಲಿನ ಪಕ್ಕದಲ್ಲಿಟ್ಟು ನೋಡಿದ. ಡಿಸೆಂಬರಿನಲ್ಲಿ ಸೇರಿಗೆ ಮೂವತ್ತು ನಿಮಿಷ. ಫೆಬ್ರವರಿಯಲ್ಲಿ ಮೂವತ್ತೇಳು.

"ಹೊಸ ಜೋಳ!" ಎನ್ನುತ್ತಾಳೆ ಫಕೀರವ್ವ. ಇಂದಿಗೂ ಆ ಮಾತಿಗೆ ಅಂಗೈಯಿಂದ ಹಣೆ ಒತ್ತಿಕೊಳ್ಳುತ್ತಾಳೆ. "ಸುಗ್ಗಿ ಆಗಿ ಹೊಸಾ ಜೋಳ ಬರೂದೂ ಪರೀಕ್ಷಿ ಬರೂದೂ ಒಂದ ಹೊತ್ತರಿ. ಹೊಸಾದರಾಗ ಹಸಿ ಇರತೈತಿ, ಕಲ್ಲಿಗೆ ಅಂಟತೈತಿ, ಲಗೂ ಸರಿಯೂದಿಲ್ಲ. ನನ್ನ ಕೈಗೆ ಅದು ಗೊತ್ತಿತ್ತು. ಹುಡುಗನ ಬರವಣಗಿಗೆ ಅದು ಹತ್ತತೈತಿ ಅಂತ ತಲ್ಯಾಗ ಬರಲಿಲ್ಲ. ಅವ ನಿಧಾನ ಬರಿಯೂದ ಕಲತ. ಕಲಿಸಿದಾಕಿ ನಾನು."

ಶಿದ್ದಪ್ಪ ಎರಡನೆಯ ಸಲ ಪಾಸಾಗಿ, ಈಗ ಬೆಂಗೇರಿಯಲ್ಲಿ ಮಾಸ್ತರಿಕೆ ಮಾಡುತ್ತಿದ್ದಾನೆ. ಸಿತಾರಾಳಿಗೆ ಪುಸ್ತಕ ಕಳಿಸಿದವನೂ ಅವನೇ. ಎಂದೂ ಫಕೀರವ್ವನನ್ನು ದೂರಿದವನಲ್ಲ. ಆದರೆ ಅಂದಿನಿಂದ ಈಕೆ ಒಂದು ನೇಮ ಹಿಡಿದಿದ್ದಾಳೆ. ದೀಪಾವಳಿಯಿಂದ ಕೂಲಿಯನ್ನು ದುಡ್ಡಿನಲ್ಲಿ ಬೇಡದೆ ಹಳೆ ಜೋಳದಲ್ಲಿ ಕೇಳುತ್ತಾಳೆ. ಬಿಸಿಲಿಗೆ ಹಾಕಿ, ಬೇವಿನೆಲೆ ಬೆರೆಸಿ, ಒಂದು ಚೀಲ ತುಂಬಿಸಿಡುತ್ತಾಳೆ. ಪರೀಕ್ಷೆಗೆ ಮೂರು ವಾರ ಇದ್ದಾಗ ಅದನ್ನು ಬಿಚ್ಚಿ, ನಸುಕಿನ ಆರು ಸೇರಿಗೆ ಅದನ್ನೇ ಬೀಸುತ್ತಾಳೆ. ಆ ಹಿಟ್ಟನ್ನು ಮನೆಗಳಿಗೆ ಕೊಟ್ಟು, ಅವರ ಹೊಸ ಜೋಳವನ್ನು ಅಷ್ಟೇ ಅಳತೆಗೆ ತನ್ನ ಹೊಟ್ಟೆಗೆ ಇಟ್ಟುಕೊಳ್ಳುತ್ತಾಳೆ. ಇದರಿಂದ ಆಕೆಗೆ ಒಂದು ಕಾಳಿನ ಲಾಭವೂ ಇಲ್ಲ.

ಇನ್ನೊಂದು ನೇಮವೂ ಇದೆ, ಅದನ್ನು ಆಕೆಯಾಗಿ ಹೇಳುವುದಿಲ್ಲ. ತಾಯಂದಿರ ಬೀಸುವ ಪದ ಕೇಳುತ್ತಲೇ ಕಣ್ಣು ತೆರೆದು ಬೆಳೆದವರಿಗೆ, ಈ ಮನೆಯ ನಸುಕಿನಲ್ಲಿ ಏನೋ ಕಡಿಮೆ ಎನ್ನಿಸುತ್ತದೆ. ಕಲ್ಲು ತಿರುಗುತ್ತದೆ, ಹಾಡಿಲ್ಲ. ಕೇಳಿದರೆ ನಗುತ್ತಾಳೆ. "ಮೊದಲ ಹಾಡತಿದ್ನಿರಿ. ಒಬ್ಬಾಂವ ಪರೀಕ್ಷ್ಯಾಗ ರಾಜರ ಹೆಸರ ಮರತು ನನ್ನ ಪದದಾಗಿನ ಎಲ್ಲಮ್ಮನ ಹೆಸರ ಬರದ ಬಂದ. ಜನವರಿ ಹತ್ತಿತಂದ್ರ ಬಾಯಿ ಮುಚ್ಚತೇನಿ. ಹೊಟ್ಯಾಗ ಹಾಡಕೋತೇನಿ. ದೇವರಿಗೆ ಅದೂ ಕೇಳಸತೈತಿ." ದಿಟ್ಟಿಸಿ ನೋಡಿದರೆ ತುಟಿ ಅಲುಗುವುದು ಕಾಣುತ್ತದೆ. ಕೊನೆಯ ಪತ್ರಿಕೆ ಮುಗಿದ ಮರುದಿನ ಒಮ್ಮೆ ದನಿಯೆತ್ತಿ ಹಾಡಬೇಕೆಂಬುದು ಆಕೆಯ ಆಸೆ. ಬೇರೆ ಆಸೆ ಕೇಳಿದರೆ ನೆನಪಿಗೆ ಬರುವುದಿಲ್ಲ.

ಈಕೆ ಎಬ್ಬಿಸಿದವರಲ್ಲಿ ಎಷ್ಟು ಮಂದಿ ಪಾಸಾಗಿದ್ದಾರು? "ನಾ ಎಣಿಸಿಲ್ರಿ. ನಾ ಎಬ್ಬಸಾಕಿ, ಪಾಸ ಮಾಡಾಕಿ ಅಲ್ಲ."

ಪರೀಕ್ಷೆಗೆ ಇನ್ನು ಹದಿನೆಂಟು ದಿನ. ಚೀಲದ ಬಾಯಿ ಮೊನ್ನೆ ಬಿಚ್ಚಿದ್ದಾಳೆ. ಇಂದು ಆರನೆಯ ಸೇರು ಮುಗಿದು ಗೋಡೆಗೆ ಕಡೆಯ ಪೆಟ್ಟು ಬಿದ್ದಿದೆ. ಆಚೆಯಿಂದ ಸಿತಾರಾ "ಆತವ್ವಾ, ಒಂದ ಲೆಕ್ಕ ಉಳೀತು" ಎನ್ನುತ್ತಾಳೆ. "ನಾಳಿಗಿ ಅದೂ ಉಳಿಯೂದಿಲ್ಲ ತಗೊ," ಎಂದು ಫಕೀರವ್ವ ಹಿಟ್ಟು ಬಳಿಯುತ್ತಿರುವಾಗ ಬಾಗಿಲಲ್ಲಿ ತಾರಾಬಾಯಿ ಬಂದು ನಿಲ್ಲುತ್ತಾರೆ. ಖಾನಾವಳಿ ನಡೆಸುವವರು, ಫಕೀರವ್ವನ ಕಲ್ಲಿಗೆ ಹೆಚ್ಚು ಜೋಳ ಹಾಕುವವರೂ ಅವರೇ. ಹಿಂದೆ ಆಳಿನ ತಲೆಯ ಮೇಲೆ ತುಂಬಿದ ಚೀಲವೊಂದಿದೆ.

"ಫಕೀರವ್ವಾ, ನಂದೊಂದ ಕೆಲಸ ಆಗಬೇಕು ನೋಡು. ಆಯತವಾರ ಮಗಳ ನಿಶ್ಚಯ. ಬೀಗರು ನಲವತ್ತ ಮಂದಿ, ಮೂರ ದಿನ ಇರತಾರ. ಬೀಗರ ಅಣ್ಣಾವರಿಗೆ ಹೊಸ ಜೋಳ ತಡಿಯೂದಿಲ್ಲಂತ. ಪ್ಯಾಟ್ಯಾಗ ಹಳೇದು ಒಂದ ಕಾಳಿಲ್ಲ. ನಿನ್ನ ಚೀಲ ಕೊಡು, ಇವತ್ತ ಗಿರಣಿಗೆ ಹಾಕಸತೀನಿ."

"ಬಾಯಾರ, ದಿನಾ ಆರ ಸೇರಿನ ಹಿಟ್ಟು ಬೇಕಾದ್ರ ನಿಮಗ ಕೊಡತೇನಿ."

"ಆರ ಸೇರ ತಗೊಂಡು ನಲವತ್ತ ಮಂದಿಗೆ ಏನ ಪ್ರಸಾದ ಹಂಚಲ್ಯಾ? ಹೊಸ ಜೋಳ ಇಲ್ಲೇ ತಂದೀನಿ. ಚೀಲಕ್ಕ ಚೀಲ, ಮ್ಯಾಲೆ ಇಪ್ಪತ್ತ ಸೇರು. ನಿನಗೊಂದ ಇಳಕಲ್ ಸೀರಿನೂ ಇಟ್ಟೀನಿ."

ಫಕೀರವ್ವ ಮತ್ತೆ ಹಿಟ್ಟು ಬಳಿಯತೊಡಗುತ್ತಾಳೆ. ಗೋಡೆಯಾಚೆ ಪಾತ್ರೆಗಳ ಸದ್ದು ನಿಂತಿದೆ. ಸಿತಾರಾ ಕೇಳಿಸಿಕೊಳ್ಳುತ್ತಿದ್ದಾಳೆ.

"ಜೋಳ ಅಂದ್ರ ಜೋಳ, ಅದರಾಗ ನಿಂದೇನದ ಅಷ್ಟ?" ತಾರಾಬಾಯಿಯವರ ದನಿ ಏರುತ್ತದೆ. "ಇಪ್ಪತ್ತ ವರ್ಷ ನಿನ್ನ ಕಲ್ಲಿಗೇ ಹಾಕೀನಿ. ಗಿರಣಿ ಬಂದ್ರೂ ಜೋಳ ನಿನಗ ಬಿಟ್ಟೀನಿ. ಅದನ್ನರ ನೆನಸು."

"ನೆನಸೇನ್ರಿ. ನಿಮ್ಮ ಋಣ ದೊಡ್ಡದು."

"ಮತ್ತ?"

ಫಕೀರವ್ವ ಎದ್ದು ಮೂಲೆಗೆ ಹೋಗುತ್ತಾಳೆ. ಚೀಲದ ಮೇಲಿನ ಕೆಂಪು ಗಂಟನ್ನು ಎತ್ತುವಳೆಂದು ತಾರಾಬಾಯಿ ಆಳಿಗೆ ಕಣ್ಣಿನಿಂದ ಸನ್ನೆ ಮಾಡುತ್ತಾರೆ. ಆಕೆ ಗಂಟನ್ನು ಎತ್ತುವುದಿಲ್ಲ. ಜಾರಿದ್ದ ಅದನ್ನು ಚೀಲದ ನಡುವಿಗೆ ಸರಿಸಿ, ಅದರ ಮೇಲೆ ಹಿಟ್ಟು ಮೆತ್ತಿದ ಕೈ ಇಟ್ಟು ತಿರುಗಿ ನಿಲ್ಲುತ್ತಾಳೆ.

"ನಾಳಿಂದ ಎಲ್ಲಾ ಗಿರಣಿಗೇ ಕಳಸ್ರಿ ಬಾಯಾರ, ನಾ ಬ್ಯಾಡ ಅನ್ನೂದಿಲ್ಲ. ಈ ಚೀಲ ಮಾತ್ರ ಕೊಡೂದಿಲ್ಲ."