ಬರ್ತೀನಿ ಎಂದು ಹೊರಟವಳು

ನನ್ನ ಹೆಂಡತಿಯ ತಂಗಿಯನ್ನು ನಮ್ಮ ಬಡಾವಣೆಯವರು ಕಾಲಿನಕ್ಕ ಎಂದು ಕರೆಯುತ್ತಾರೆ. ಆಸ್ಪತ್ರೆಯ ಹಿಂಬದಿಯ ಶೆಡ್ಡಿನಲ್ಲಿ ಅವಳು ಕೃತಕ ಕಾಲುಗಳನ್ನು ಮಾಡುತ್ತಾಳೆ. ಬಡಗಿ ಅಪ್ಪನಿಂದ ಬಂದ ಹದವಾದ ಕೈ ಅವಳದು. ಅದರ ಬಗ್ಗೆ ಸ್ವಲ್ಪ ಜಂಭವೂ ಇತ್ತು. ಮೂವತ್ತನಾಲ್ಕನೆಯ ವಯಸ್ಸಿನಲ್ಲಿ ಆಸ್ಪತ್ರೆಯವರು ಒಂದೂವರೆ ವರ್ಷದ ಓದಿಗೆಂದು ಹೊರದೇಶಕ್ಕೆ ಕಳುಹಿಸಿದಾಗ, "ಕಲಿಯೋಕೆ ಏನು ಉಳಿದಿದೆ ಭಾವ, ನಾನೇ ನಾಲ್ಕು ಜನಕ್ಕೆ ಕಲಿಸ್ತೀನಿ" ಎಂದು ನಗುತ್ತಾ ವಿಮಾನ ಹತ್ತಿದಳು.

ಮೊದಲ ತಿಂಗಳುಗಳಲ್ಲಿ ತಪ್ಪು ಬಸ್ಸು ಹತ್ತಿ ಕೊನೆಯ ನಿಲ್ದಾಣದಿಂದ ನಡೆದು ಬಂದಳಂತೆ. ಅಲ್ಲಿನ ಭಾಷೆಯಲ್ಲಿ ಬಾಯಿ ತೆರೆಯುವ ಮುಂಚೆ ಪ್ರತಿಯೊಂದು ಮಾತನ್ನೂ ಮನಸ್ಸಿನಲ್ಲಿ ಕನ್ನಡದಲ್ಲಿ ಜೋಡಿಸಿಕೊಳ್ಳುತ್ತಿದ್ದಳು. ಆದರೂ ಕೆಲಸ ಕಂಡು ಮೇಷ್ಟರು ಮೆಚ್ಚಿದ್ದರು. ಕೊನೆಯ ಪರೀಕ್ಷೆಗೆ ಒಬ್ಬ ರೋಗಿಗೆ ಕಾಲು ಮಾಡಿಕೊಟ್ಟು, ಪರೀಕ್ಷಕರ ಮುಂದೆ ಅವರನ್ನು ಹತ್ತು ಹೆಜ್ಜೆ ನಡೆಸಬೇಕಿತ್ತು.

ಅವಳ ಪಾಲಿಗೆ ಬಂದವರು ನಿವೃತ್ತ ಬಸ್ ಚಾಲಕರಾದ ಒಬ್ಬ ಅಜ್ಜ. ಸಕ್ಕರೆ ಕಾಯಿಲೆ ಅವರ ಎಡಗಾಲನ್ನು ಮಂಡಿಯ ಕೆಳಗಿನಿಂದ ತಿಂದುಹಾಕಿತ್ತು. ಮಂಡಿಯನ್ನು ಮಾತ್ರ ಡಾಕ್ಟರು ಹೇಗೋ ಉಳಿಸಿದ್ದರು. ಮಂಡಿಯಿದ್ದರೆ ಮೂರನೆಯ ಮಹಡಿಯ ತಮ್ಮ ಒಂಟಿ ಕೋಣೆಗೆ ಹತ್ತಿ ಇಳಿದು ಬದುಕಬಹುದು. ಅದೂ ಹೋದರೆ ವೃದ್ಧಾಶ್ರಮವೇ ಗತಿ.

ಒಂದು ಬುಧವಾರ ಮಧ್ಯಾಹ್ನ ಅವಳು ಅಳತೆ ನೋಡಲೆಂದು ಮಾಡಿದ ಕಾಲನ್ನು ಆ ಕೋಣೆಗೆ ಒಯ್ದು ತೊಡಿಸಿದಳು. ಮೊದಲ ದಿನ ಅದನ್ನು ಅರ್ಧ ಗಂಟೆಗಿಂತ ಹೆಚ್ಚು ತೊಡಬಾರದು. ಆ ನಿಯಮವನ್ನೂ ಹೇಳಿದಳು: ಅರ್ಧ ಗಂಟೆ ಬಿಟ್ಟು ಬಿಚ್ಚಿ ಚರ್ಮ ನೋಡಬೇಕು. ಯಾರು ನೋಡಬೇಕು? ನಮ್ಮ ಮಾತಿನಲ್ಲಿ "ನೋಡಬೇಕು" ಎಂದರೆ ಸಾಕು, ಯಾರೆಂದು ಹೇಳಬೇಕಾಗಿಲ್ಲ. ಅವಳು ಆ ವಾಕ್ಯವನ್ನು ಹಾಗೆಯೇ ಆ ಭಾಷೆಗೆ ದಾಟಿಸಿದಳು. ಅಜ್ಜ ನೋಡಿಕೊಳ್ಳುತ್ತಾರೆಂದು ಇವಳು. ಇವಳು ನೋಡುತ್ತಾಳೆಂದು ಅಜ್ಜ. ಆಮೇಲೆ ಚೀಲ ಹೆಗಲಿಗೇರಿಸಿ, ಬಾಗಿಲಲ್ಲಿ ನಿಂತು, ಮನೆಯಿಂದ ಹೊರಡುವಾಗ ನಾವೆಲ್ಲ ಹೇಳುವುದನ್ನೇ ಅವರ ಭಾಷೆಯಲ್ಲಿ ಹೇಳಿದಳು: "ಬರ್ತೀನಿ."

ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತಳ್ಳಿದಾಗ ಅಜ್ಜ ಕೋಟು ತೊಟ್ಟು, ಬಾಗಿಲಿಗೆ ಮುಖಮಾಡಿ ಕುರ್ಚಿಯಲ್ಲಿ ಕುಳಿತಿದ್ದರು. ಮೇಜಿನ ಮೇಲೆ ಎರಡು ಲೋಟ ಚಹಾ, ಎರಡೂ ಕೆನೆಗಟ್ಟಿದ್ದವು. ಕಾಲು ತೊಟ್ಟಂತೆಯೇ ಇತ್ತು.

"ಮೂವತ್ತು ವರ್ಷ ಬಸ್ ಓಡಿಸಿದೀನಮ್ಮ. ಐದು ನಿಮಿಷ ತಡ ಆದ್ರೆ ಜನ ಬಾಯಿಗೆ ಬಂದ ಹಾಗೆ ಬೈತಿದ್ರು. ನಾನು ನಿನ್ನ ಬೈದಿಲ್ಲ ನೋಡು" ಎಂದು ಅಜ್ಜ ನಕ್ಕರು.

"ಯಾಕೆ ಬಿಚ್ಚಲಿಲ್ಲ ತಾತ?"

"ನೀನು ಬರ್ತೀನಿ ಅಂದೆಯಲ್ಲ. ನಾನು ಬಿಚ್ಚಿದ್ರೆ ನಿನ್ನ ಕೆಲಸ ಕೆಟ್ಟುಹೋಗುತ್ತೆ ಅಂತ ಹಾಗೇ ಕೂತೆ."

ಬಿಚ್ಚುವಾಗ ಕಾಲ್ಚೀಲ ಚರ್ಮಕ್ಕೆ ಅಂಟಿಕೊಂಡು ಬಂತು. ಒಳಗೆ ಗುಳ್ಳೆಗಳು ಒಡೆದು, ಮಂಡಿಯವರೆಗೂ ನೇರಳೆ ಬಣ್ಣ. ನೋವಿನ ಅರಿವನ್ನೇ ಕಾಯಿಲೆ ಕಸಿದುಕೊಂಡಿದ್ದರಿಂದ ಅಜ್ಜನಿಗೆ ಏನೂ ತಿಳಿದಿರಲಿಲ್ಲ. ಅವಳು ಕೂಡಲೇ ಅವರನ್ನು ಆಸ್ಪತ್ರೆಗೆ ಸೇರಿಸಿದಳು. ನಾಲ್ಕು ದಿನ ನೋಡುವುದು, ಕಪ್ಪಾದರೆ ಮಂಡಿಯ ಮೇಲೆ ಕತ್ತರಿಸುವುದು ಎಂದರು ಆಸ್ಪತ್ರೆಯ ಸರ್ಜನ್.

ಮುದುಕರು ಬಿಚ್ಚಲು ಮರೆತರೆಂದು ವರದಿಯಲ್ಲಿ ಬರೆದುಬಿಡು, ಇಂಥದ್ದು ದಿನಾ ಆಗುತ್ತದೆ, ಯಾರೂ ಕೇಳುವುದಿಲ್ಲ ಎಂದು ಸಹಪಾಠಿಗಳು ಬುದ್ಧಿ ಹೇಳಿದರು. ಅವಳು ಬರೆದದ್ದು ಎರಡೇ ಸಾಲು: ಬಿಚ್ಚಬೇಕಾದವರು ಯಾರೆಂದು ನಾನು ಹೇಳಲಿಲ್ಲ. ಬರುತ್ತೇನೆಂದು ಹೇಳಿ ನಾನು ಬರಲಿಲ್ಲ. ಪರೀಕ್ಷೆ ಆರು ತಿಂಗಳು ಮುಂದೆ ಹೋಯಿತು.

ಅಂದು ನನಗೆ ಫೋನು ಮಾಡಿದಳು. ನಡೆದದ್ದನ್ನೆಲ್ಲ ಹೇಳಿದಳು. ವಾರವಾರ ನೂರು ಜನರ ಮುಂದೆ ನಿಂತು ದೇವರ ಮಾತು ಹೇಳುವವನು ನಾನು. ನಾನು ಯಾರ ಯಾರ ಹೊಸ್ತಿಲಲ್ಲಿ ಬರ್ತೀನಿ ಎಂದು ಹೇಳಿ ಬಂದಿದ್ದೇನೆ? ಎಷ್ಟು ಹಾಸಿಗೆಗಳ ಪಕ್ಕದಲ್ಲಿ "ಪ್ರಾರ್ಥಿಸಬೇಕು" ಎಂದು ಹೇಳಿ, ಪ್ರಾರ್ಥಿಸುವವರು ಯಾರೆಂದು ಹೇಳದೆ ಎದ್ದಿದ್ದೇನೆ? ಪ್ರಿಯರೇ, ಅವಳಿಗೆ ಇಷ್ಟೇ ಹೇಳಿದೆ: "ಹೋಗಿ ಅವರ ಪಕ್ಕದಲ್ಲಿ ಕೂತ್ಕೋ ಮಗು."

ನಾಲ್ಕು ದಿನವೂ ಕುಳಿತಳು. ನಾಲ್ಕನೆಯ ದಿನ ಸರ್ಜನ್ ಹೆಬ್ಬೆರಳಿನಿಂದ ಚರ್ಮವನ್ನು ಒತ್ತಿ ಹಿಡಿದು ಬಿಟ್ಟರು. ಬಿಳುಚಿದ ಜಾಗ ಹಾಗೆಯೇ ಉಳಿಯಿತು. ಆಮೇಲೆ ನಿಧಾನವಾಗಿ, ಅಂಚಿನಿಂದ, ಕೆಂಪೇರಿತು. ಇನ್ನೊಮ್ಮೆ ಒತ್ತಿದರು. ಮತ್ತೆ ಕೆಂಪೇರಿತು. ಮಂಡಿ ಉಳಿಯಿತು ಎಂದು ಹೇಳಿ ಅವರು ಮುಂದಿನ ಹಾಸಿಗೆಗೆ ನಡೆದರು. ಭಗವಂತನ ಕರುಣೆಗೆ ನಾನಿಲ್ಲಿ ಕೈಮುಗಿಯುತ್ತೇನೆ. ಆಗ ಅವಳಿಗೆ ಅದೂ ತೋಚಲಿಲ್ಲ, ಮಂಚದ ಕಂಬಿ ಹಿಡಿದು ನಿಂತೇ ಇದ್ದಳು.

"ಹೊಸ ಕಾಲಿಗೆ ಅಚ್ಚು ಯಾವಾಗ ತೆಗೀತೀಯ?" ಎಂದು ಅಜ್ಜ ಅಂಗೈ ಚಾಚಿ ಕೇಳಿದರು.

ಬೇರೆಯವರಿಂದ ಮಾಡಿಸಿ ಎನ್ನಲು ಹೊರಟಳು. ಅಜ್ಜ ಕೈ ಚಾಚಿಕೊಂಡೇ ಇದ್ದರು. ಅವಳು ಒಂದು ಚೀಟಿ ಹರಿದು ದಿನ, ಗಂಟೆ, ಕೊಠಡಿಯ ಸಂಖ್ಯೆ ಬರೆದಳು. ಅಚ್ಚು ತೆಗೆಯುವವರು ಎಂಬುದರ ಮುಂದೆ ತನ್ನ ಹೆಸರನ್ನು ಸ್ಪಷ್ಟವಾಗಿ ಬರೆದು ಅವರ ಅಂಗೈಯಲ್ಲಿಟ್ಟಳು.